ಎರಡನೆಯ ಗಂಟೆ

ವಾರ್ಡಿನಲ್ಲಿ ಫಿನಾಯಿಲ್ ವಾಸನೆಯನ್ನೂ ಮೀರಿ ಚೆಂಡು ಹೂವಿನ ವಾಸನೆ ಬಂತು. ಅವತ್ತು ಖಂಡೆಪೂಜೆ, ಅಂದರೆ ಆಯುಧಪೂಜೆ. ಬಿ.ಪಿ. ನೋಡುವ ಮಷೀನಿಗೂ ಹೂ ಏರಿಸಿ ಕುಂಕುಮ ಹಚ್ಚಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನನಗೆ ಆ ಹುಡುಗಿ ನೆನಪಾದಳು. ತಪಾಸಣಿ ಹುಡುಗಿ.

ತಾರಿಹಾಳದಲ್ಲಿ ಒಂದು ಹಳೆಯ ವರ್ಕ್‌ಶಾಪಿನ ಮೇಲೆ ಆಗ ಸಾಫ್ಟ್‌ವೇರ್ ಆಫೀಸು ಇತ್ತು. ಅಲ್ಲಿ ಕಸ ಹೊಡೆದು ಚಹಾ ಮಾಡುವುದು ನನ್ನ ಕೆಲಸ. ಪರದೇಶದವರು ತಮ್ಮ ಕೆಲಸವನ್ನು ಇಲ್ಲಿಗೆ ಕಳಿಸುತ್ತಿದ್ದರು. ಇವರು ಮಾಡಿ ವಾಪಸು ಕಳಿಸುತ್ತಿದ್ದರು. ನಾನು ಸೇರಿದಾಗ ಒಂದು ಕಿಟ್ಲಿ ಚಹಾ ಎಲ್ಲರಿಗೂ ಸಾಲುತ್ತಿತ್ತು. ಆಮೇಲೆ ಕೂರಲು ಜಾಗ ಸಾಲದೆ ಗೋಡೆ ಒಡೆದರು. ಕಾಲೇಜಿನಿಂದ ಹೊರಬಿದ್ದವರನ್ನೆಲ್ಲ ತಂದು ಕೂರಿಸಿದರು.

“ಜಗತ್ತಿನ ತುಂಬ ಈಗ ಇದ ಬೆಳಿ ಐತ್ರಿ ಆಯಿ,” ಎನ್ನುತ್ತಿದ್ದರು ಸಾಹೇಬರು. “ನಾವು ತಡಾ ಮಾಡಿದ್ರ ಕೆಲಸ ಇನ್ನೊಂದು ದೇಶಕ್ಕ ಹೋಗತೈತಿ.”

ಬೆಳೆ ಹೆಚ್ಚಾದರೆ ಕಸವೂ ಹೆಚ್ಚಾಗುತ್ತದೆ. ಕಳೆ ತೆಗೆಯುವವಳು ಮಾತ್ರ ಈ ಹುಡುಗಿ ಒಬ್ಬಳೇ. ಉಳಿದವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಆಕೆಯ ನೌಕರಿ. ಹೀಗಾಗಿ ಯಾರಿಗೂ ಬೇಡವಾಗಿದ್ದಳು.

ಆ ವರ್ಷ ಬಂದದ್ದು ಮುದುಕರ ಕೆಲಸ. ಪರದೇಶದಲ್ಲಿ ವಯಸ್ಸಾದವರು ಕೊರಳಿಗೆ ಒಂದು ಗುಂಡಿ ಹಾಕಿಕೊಳ್ಳುತ್ತಾರಂತೆ. ಬಿದ್ದರೆ ಒತ್ತಬೇಕು, ಎಲ್ಲೋ ಗಂಟೆ ಹೊಡೆಯುತ್ತದೆ, ಯಾರೋ ಓಡಿ ಬರುತ್ತಾರೆ. ಒಂದು ದಿನ ಹುಡುಗಿ ನನ್ನ ಕೈಗೆ ಒಂದು ಗುಂಡಿ ಕೊಟ್ಟು, ಇನ್ನೊಂದನ್ನು ತಾನು ಹಿಡಿದಳು.

“ಆಯಿ, ನಾ ಹೂಂ ಅಂದ ಕೂಡ್ಲೆ ಒತ್ರಿ.”

ಇಬ್ಬರೂ ಒತ್ತಿದೆವು. ಕಂಪ್ಯೂಟರಿನಲ್ಲಿ ಆಕೆಯ ಗಂಟೆ ಹೊಡೆಯಿತು. ನನ್ನದು ಇಲ್ಲ. ಮತ್ತೆ ಒತ್ತಿದೆವು... ಈ ಸಲ ನನ್ನದು ಹೊಡೆಯಿತು, ಆಕೆಯದು ಇಲ್ಲ.

ಹುಡುಗರು ನಕ್ಕರು. “ಮೇಡಂ, ನಾಳೆ ನಿಮ್ಮನ್ನ ನೋಡಾಕ ಬರೂ ವರನನ್ನೂ ಹಿಂಗ ಒತ್ತಿ ಒತ್ತಿ ನೋಡ್ತೀರೇನ್ರಿ?”

“ನೋಡ್ತೇನಿ. ಕೆಟ್ಟಿದ್ರ ನಿಮ್ಮ ಕಡೆ ಅಂತೂ ರಿಪೇರಿಗೆ ಕಳಸಂಗಿಲ್ಲ,” ಎಂದಳು.

ಆಮೇಲೆ ಹುಡುಗರು ಸರಿಮಾಡಿದೆವು ಎಂದರು. ಆಕೆ ನೋಡುವಷ್ಟರಲ್ಲಿ ಖಂಡೆಪೂಜೆ ಬಂತು. ಕಂಪ್ಯೂಟರುಗಳ ಜೊತೆ ಗುಂಡಿಗಳನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದರು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಅದು ನಮ್ಮ ಪದ್ಧತಿ. ಆದರೆ ಪರದೇಶದವರಿಗೆ ಖಂಡೆಪೂಜೆ ಇಲ್ಲ. ಕೆಲಸ ಅವತ್ತೇ ಬೇಕು ಎಂದು ಕೂತರು. ಸಾಹೇಬರ ಒಂದು ಕಂಪ್ಯೂಟರಿಗೆ ಮಾತ್ರ ಕುಂಕುಮ ಇರಲಿಲ್ಲ. ಅದನ್ನು ಮೊದಲೇ ಬದಿಗೆ ಇಟ್ಟುಕೊಂಡಿದ್ದರು, ಕಳಿಸುವುದಕ್ಕೆ.

“ಸರ್, ಕಳಸೂ ಮೊದಲ ಒಮ್ಮಿ ಒತ್ತಿ ನೋಡ್ತೇನ್ರಿ.”

“ಪೂಜಿಗೆ ಇಟ್ಟದ್ದನ್ನ ಮುಟ್ಟತಿಯೇನವಾ? ನಾಳೆ ನೋಡು.”

“ಕಳಸೂದು ಇವತ್ತು, ನೋಡೂದು ನಾಳೆ ಏನ್ರಿ?”

“ಹುಡುಗೂರು ಆತು ಅಂದಾರ. ಆತು.”

ಹುಡುಗಿ ಹೂ ಸರಿಸಿ ಎರಡು ಗುಂಡಿ ಎತ್ತಿಕೊಂಡಳು. ಸಾಹೇಬರು ಎದ್ದು ಬಂದು ಕೈಯಿಂದ ಕಸಿದು, ತಿರುಗಿ ಅಲ್ಲೇ ಇಟ್ಟು ಕೈ ಮುಗಿದರು. ಪೂಜೆ ಕೆಡಿಸಿದವಳು ನಾಳೆಯಿಂದ ಬರುವುದು ಬೇಡ ಎಂದರು. ಹುಡುಗರು ಪ್ರಸಾದದ ಮಂಡಕ್ಕಿ ತಿನ್ನುತ್ತ ನಿಂತಿದ್ದರು.

ಚಪ್ಪಲಿ ಮೆಟ್ಟುತ್ತ ಆಕೆ ನನ್ನನ್ನು ಕೇಳಿದಳು, “ಆಯಿ, ಅಲ್ಲಿ ಇಬ್ಬರು ಮುದುಕ್ಯಾರು ಒಮ್ಮಿಗೇ ಬಿದ್ರ?”

“ಬೀಳ್ತಾರ ತಗೀ. ಮುದುಕ್ಯಾರು ಪಾಳಿ ಹಚ್ಚಿ ಬೀಳಂಗಿಲ್ಲ,” ಎಂದೆ.

ಆಕೆ ನಗಲಿಲ್ಲ. ಮೆಟ್ಟಿಲು ಇಳಿದು ಹೋದಳು... ಆಮೇಲೆ ನಾನು ಆಕೆಯನ್ನು ನೋಡಲಿಲ್ಲ. ಕೆಲಸ ಅವತ್ತೇ ಪರದೇಶಕ್ಕೆ ಹೋಯಿತು. ಆಕೆಯ ಕುರ್ಚಿಗೆ ಇನ್ನೊಬ್ಬ ಕೆಲಸ ಮಾಡುವವನನ್ನು ತಂದು ಕೂರಿಸಿದರು. ತಪಾಸಣೆಗೆ ಯಾರನ್ನೂ ತರಲಿಲ್ಲ. ಆಫೀಸು ಇನ್ನೂ ಬೆಳೆಯಿತು. ಪರದೇಶದಿಂದ ತಕರಾರು ಬಂದದ್ದನ್ನು ನಾನು ಕೇಳಲಿಲ್ಲ. ಯಾರ ಗಂಟೆ ಹೊಡೆಯಲಿಲ್ಲವೋ ಅವರು ತಕರಾರು ಹೇಗೆ ಹೇಳಿಯಾರು?

ಇದನ್ನೆಲ್ಲ ಪಕ್ಕದ ಮಂಚದ ಶಿರಗುಪ್ಪಿಯ ಹೆಂಗಸಿಗೆ ಹೇಳಿದೆ. ನಮ್ಮ ತಲೆಯ ಹತ್ತಿರವೂ ನರ್ಸಬಾಯಿಯನ್ನು ಕರೆಯುವ ಒಂದೊಂದು ಗುಂಡಿ ಜೋತಾಡುತ್ತಿತ್ತು. ಆಕೆ ಅದನ್ನು ಹಿಡಿದು ನೋಡಿದಳು.

“ಇದು ಹೊಸಾದು ಐತೆಬೇ. ಹೋದ ತಿಂಗಳ ಹಾಕ್ಯಾರಂತ.”

“ಹಂಗಾರ ಹೂಂ ಅಂತೇನಿ. ಇಬ್ಬರೂ ಒತ್ತೂಣು.”

ಒತ್ತಿದೆವು. ಸ್ವಲ್ಪ ಹೊತ್ತಿಗೆ ನರ್ಸಬಾಯಿ ಬಂದಳು. ನೆಟ್ಟಗೆ ಶಿರಗುಪ್ಪಿಯವಳ ಮಂಚಕ್ಕೆ ಹೋಗಿ ಏನಾಯಿತು ಎಂದು ವಿಚಾರಿಸಿ, ಸುಮ್ಮನೆ ಒತ್ತಬಾರದು ಎಂದು ಬೈದಳು.

“ನಾನೂ ಒತ್ತೇನಿ ನೋಡವಾ,” ಎಂದೆ.

“ಇಲ್ಲರೀ ಅಜ್ಜಿ, ನೀವು ಒತ್ತಿಲ್ಲ. ಒತ್ತಿದ್ರ ನಮಗ ಕೇಳಸ್ತಿತ್ತು,” ಎಂದು ನನ್ನ ಹೊದಿಕೆ ಸರಿಮಾಡಿ ಹೋದಳು.