ಹಳದಿ ಅನ್ನ

ಜೈನಾಪುರದ ಬೋರ್‌ವೆಲ್ ನೀರು ಪರೀಕ್ಷಿಸಲು ಹೋದಾಗ, ಪಕ್ಕದ ಮನೆಯಾಕೆ ಊಟಕ್ಕೆ ಕೂಡಿಸಿದರು. ಅನ್ನ ಹಳದಿಯಾಗಿತ್ತು.

"ನಮ್ಮ ನೀರಿಗೆ ಹಿಂಗ ಆಗತೈತ್ರಿ ಸಾಹೇಬ್ರ. ಬೀಗರು ಬಂದ್ರ ನಾಚಿಕಿ. ಫಿಲ್ಟರ್ ನೀರಿನ ಘಟಕ ಬರೂವಂಗ ಬರೀರಿ."

"ಹೌದ್ರಿ ಅಕ್ಕಾರ, ಕ್ಷಾರ ಭಾಳ ಐತಿ," ಎಂದೆ.

ನನ್ನ ಹೆಂಡತಿಯೂ ಇಂಥ ನೀರಿನ ಊರಿನವಳು. ವಿಜಯಪುರದ ನಳದ ನೀರಿನ ಬಿಳಿ ಅನ್ನ ಒಗ್ಗದೆ, ಎಸರಿಗೆ ಚೂರು ಅಡುಗೆ ಸೋಡಾ ಹಾಕುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಬಿಳಿ ಅನ್ನವೇ.

ಮತ್ತೆ ಅನ್ನ ಕೇಳಿದೆ.

"ನೀರು ಛಲೋ ಇಲ್ಲ ಅಂತೀರಿ, ಅನ್ನ ಮಾತ್ರ ಬಿಡವಲ್ರಿ!" ಎಂದು ಆಕೆ ನಕ್ಕರು.

ಘಟಕಕ್ಕೆ ಶಿಫಾರಸು ಬರೆದೆ. ಮನೆಗೆ ಬಂದು ಎಸರಿಗೆ ಸೋಡಾ ಹಾಕಿದೆ. ಅನ್ನ ಹಳದಿಯೇನೋ ಆಯಿತು, ಬಾಯಿಗಿಡಲಾಗಲಿಲ್ಲ. ಎಷ್ಟು ಹಾಕಬೇಕೆಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಕ್ಷಾರ ಅಳೆಯುವುದೇ ನನ್ನ ಉದ್ಯೋಗ.