ಮಸಿ ಕಾಗದದ ಮೇಲೆ ಏಳದ ಗೆರೆ

ಶಹಾಪುರದ ಮಟನ್ ಅಂಗಡಿಗಳ ಸಾಲಿನಲ್ಲಿ ಬೆಳಗಿನ ಐದೂವರೆಗೆ ಒಂದೇ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಹುಲಗಪ್ಪ ಥರ್ಮಾಸ್ ಹಿಡಿದು ನಿಂತಿದ್ದಾರೆ. ಒಳಗಿರುವುದು ಚಹಾ ಅಲ್ಲ, ತಣ್ಣಗಿನ ಉಪ್ಪುನೀರು. ಆಡಿನ ಹೊಟ್ಟೆ ಸೀಳುತ್ತಿರುವ ಮುನಾವರ ತಲೆ ಎತ್ತದೆ ಕೆಣಕುತ್ತಾರೆ.

"ಊರೆಲ್ಲ ಕಲೇಜಿ ಕೇಳ್ತದ, ನೀ ಒಬ್ಬಾವ ಉಚ್ಚಿ ಚೀಲ ಕೇಳ್ತಿ. ಮನ್ಯಾಗ ಏನ್ ಅಡಗಿ ಮಾಡಸ್ತಿ ಹುಲಗಪ್ಪಣ್ಣ?"

"ನಿನ್ನೂ ಊಟಕ್ಕ ಕರೀತೀನಿ ತಗೋ. ಮೊದ್ಲ ಚಾಕು ನೋಡಿ ಹಿಡಿ, ಮೊನ್ನೀದು ತೂತು ಬಿದ್ದಿತ್ತು."

ಮೂತ್ರಕೋಶ ಥರ್ಮಾಸಿಗೆ ಇಳಿಯುತ್ತದೆ. ಹುಲಗಪ್ಪ ಸೈಕಲ್ ಹತ್ತುತ್ತಾರೆ.

ಅವರು ಭೀಮರಾಯನಗುಡಿ ರಸ್ತೆಯ ಒಂದು ಫಾರ್ಮಸಿ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್. ಕೊಂಕಲ್‌ನಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ, ಕಸ ಗುಡಿಸಲು ಬಂದವರು. ಹತ್ತೊಂಬತ್ತು ವರ್ಷಗಳಾಗಿವೆ. ಈಗ ಅವರು ಪಟ್ಟಿ ಕತ್ತರಿಸದಿದ್ದರೆ ಪಾಠ ನಡೆಯುವುದಿಲ್ಲ. ಮೂತ್ರಕೋಶದ ಗೋಡೆಯಿಂದ ಎರಡು ಸೆಂಟಿಮೀಟರ್ ಉದ್ದದ ಸ್ನಾಯುಪಟ್ಟಿ ತೆಗೆದು, ದಾರ ಕಟ್ಟಿ, ಬೆಚ್ಚಗಿನ ಉಪ್ಪುನೀರು ತುಂಬಿದ ಗಾಜಿನ ಕೊಳವೆಯಲ್ಲಿ ತೂಗುಬಿಡುತ್ತಾರೆ. ಮೇಲಿನ ದಾರಕ್ಕೆ ಒಂದು ಹಗುರ ಕಡ್ಡಿ. ಕಡ್ಡಿಯ ತುದಿ, ಹೊಗೆಯಲ್ಲಿ ಮಸಿ ಹಿಡಿಸಿ ಡ್ರಮ್ಮಿಗೆ ಸುತ್ತಿದ ಕಾಗದಕ್ಕೆ ತಾಗಿರುತ್ತದೆ. ಸ್ನಾಯು ಬಿಗಿದರೆ ಕಡ್ಡಿ ಗೀರಿ ಬಿಳಿ ಗೆರೆ ಏಳುತ್ತದೆ. ದಿನಕ್ಕೆ ಹನ್ನೆರಡು ಪಟ್ಟಿ, ಆರು ಡ್ರಮ್ಮು.

ಗೆರೆ ಏಳುವುದರ ಗುಟ್ಟು ಕ್ಯಾಲ್ಸಿಯಂ. ಸ್ನಾಯುಕೋಶಗಳ ಗೋಡೆಯಲ್ಲಿ ಅದು ಒಳಬರಲೆಂದೇ ಸಣ್ಣ ದಾರಿಗಳಿವೆ. ಅವು ತೆರೆದು ಕ್ಯಾಲ್ಸಿಯಂ ಒಳನುಗ್ಗಿದಾಗ ಮೂತ್ರಕೋಶ ಬಿಗಿದು ಮೂತ್ರವನ್ನು ಹೊರದೂಡುತ್ತದೆ. "ಕಾಲುವಿ ಗೇಟ್ ಇದ್ದಂಗ್ರಿ. ಗೇಟ್ ಹಾಕಿದ್ರ ಹೊಲ ಸುಮ್ನ ಬಿದ್ದಿರ್ತದ" ಎನ್ನುತ್ತಾರೆ ಹುಲಗಪ್ಪ. ಗೇಟು ಹಾಕುವ ಔಷಧಿ ಕಪ್ಪು ಕಾಗದ ಸುತ್ತಿದ ಸೀಸೆಯಲ್ಲಿದೆ. ಬೆಳಕು ಬಿದ್ದರೆ ಕೆಡುತ್ತದೆ. ಅದರ ಹೆಸರಿನ ಚೀಟಿ ಬರೆದು ಅಂಟಿಸುವವರೂ ಅವರೇ. ರಕ್ತದೊತ್ತಡ ಇಳಿಸಲು ಕೊಡುವ ಒಂದು ಗುಳಿಗೆಯಲ್ಲಿರುವುದು ಅದೇ ಔಷಧಿ.

ಎರಡನೆಯ ವರ್ಷ ಅವರಿಂದ ಒಂದು ತಪ್ಪು ನಡೆದಿತ್ತು. ಉಪ್ಪುನೀರು ಮಾಡುವಾಗ ನೀರು ಪೂರಾ ತುಂಬಿದ ಮೇಲೆ, ಎಲ್ಲಕ್ಕಿಂತ ಕೊನೆಗೆ ಕ್ಯಾಲ್ಸಿಯಂ ಹನಿಸಬೇಕು. ಪರೀಕ್ಷೆಯ ಅವಸರದಲ್ಲಿ ಅದನ್ನು ಆ ನೀರಿಗೇ ಹಾಕುವ ಅಡುಗೆ ಸೋಡಾದ ಜೊತೆಗೇ ಸುರಿದರು. ನೀರು ಸುಣ್ಣದಂತೆ ಬೆಳ್ಳಗಾಯಿತು. ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕಿಳಿದ ಮೇಲೆ ತಿಳಿನೀರನ್ನು ಬಸಿದು ಬಳಸಿದರು. ಆ ದಿನ ಒಂದು ಪಟ್ಟಿಯೂ ಮಿಸುಕಲಿಲ್ಲ. ಮಾಂಸ ಹಳತೆಂದು ಎಲ್ಲರೂ ಮುನಾವರನನ್ನು ಬೈದರು.

"ನಾ ಬಾಯಿ ಬಿಡ್ಲಿಲ್ರಿ. ಸಾಹೇಬ್ರ ಮುಂದ ನಮ್ಮಂಥೋರು ಮಾತಾಡೋದು ರೂಢಿ ಇಲ್ಲ."

ಆ ರೂಢಿಯೇ ಹೋದ ತಿಂಗಳು ಮನೆಗೆ ಬಂತು.

ಹೆಂಡತಿ ದೇವಕಮ್ಮನಿಗೆ ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ಅದು ಮೂತ್ರಕೋಶದ ನರಗಳನ್ನು ಆಗಲೇ ಮಂಕು ಮಾಡಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಬಿಪಿ ಏರಿತೆಂದು ಹೊಸ ಗುಳಿಗೆ ಬಂತು. ಗುಳಿಗೆಯ ಹಾಳೆಯ ಹಿಂದೆ ಹುಲಗಪ್ಪ ಕಂಡದ್ದು ತಾವೇ ಚೀಟಿ ಬರೆಯುವ ಹೆಸರು.

"ಮೊದಲ್ನೇ ದಿನಾನ ನೋಡೀನಿ. ಆಡಿಂದ ಬ್ಯಾರೆ, ಮನಷ್ಯಾರ್ದ ಬ್ಯಾರೆ ಅಂತ ಸುಮ್ನಾದೆ. ಡಾಕ್ಟ್ರಿಗೆ ಹ್ಯಾಂಗ ಕೇಳೋದು, ಕಸ ಹೊಡಿಯಾಂವ?"

ಆಕೆ ಗಳಿಗೆಗೊಮ್ಮೆ ಬಚ್ಚಲಿಗೆ ಹೋಗತೊಡಗಿದರು. ಮೂತ್ರ ಹೆಚ್ಚಾಗಿದೆಯೆಂದು ಹುಲಗಪ್ಪ ನೀರು ಕಡಿಮೆ ಕೊಟ್ಟರು. ಹೆಚ್ಚಾಗಿರಲಿಲ್ಲ, ತುಂಬಿದ ಕೊಡ ತುಳುಕುತ್ತಿತ್ತು ಅಷ್ಟೆ. ಹನ್ನೊಂದನೆಯ ದಿನ ಹೊಟ್ಟೆ ಕಲ್ಲಾಯಿತು. ಯಾದಗಿರಿಗೆ ಒಯ್ದು ಮೂತ್ರಕೋಶಕ್ಕೆ ನಳಿಗೆ ಹಾಕಿಸಿದಾಗ ಇಳಿದದ್ದು ಸಾವಿರದ ನಾಲ್ಕುನೂರು ಮಿಲಿಲೀಟರ್. ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಅಲ್ಲಿಯ ವೈದ್ಯರೆದುರು ಹುಲಗಪ್ಪ ಮೊದಲ ಸಲ ಬಾಯಿ ಬಿಟ್ಟು ಗುಳಿಗೆಯ ವಿಷಯ ಹೇಳಿದರು. ವೈದ್ಯರು ಪೂರ್ತಿ ಕೇಳಿಸಿಕೊಂಡರು. ಸಕ್ಕರೆಯೇ ಮುಖ್ಯ ಕಾರಣ, ಗುಳಿಗೆಯೂ ಸೇರಿರಬಹುದು ಎಂದು ಬೇರೆ ಗುಳಿಗೆ ಬರೆದರು.

ದೇವಕಮ್ಮ ಮಂಚದ ಪಕ್ಕಕ್ಕೆ ಮೂತ್ರದ ಚೀಲ ತೂಗುಹಾಕಿಕೊಂಡು ಕುಳಿತಿದ್ದಾರೆ. ಅಂಗನವಾಡಿಯ ಅಡುಗೆ ಕೆಲಸ ಬಿಟ್ಟಾಯಿತು. "ಹತ್ತೊಂಬತ್ತು ವರ್ಷ ಆಡಿನ ಚೀಲ ನೋಡ್ಯಾನ್ರಿ ಇಂವ. ಹೆಂಡ್ತೀದು ಮಾತ್ರ ಕಾಣ್ಲಿಲ್ಲ" ಎಂದು ನಗುತ್ತಾರೆ. ಹುಲಗಪ್ಪ ಎದ್ದು ಹೋಗಿ ಚೀಲ ಖಾಲಿ ಮಾಡಿ, ಕಾಲೇಜು ಬಿಸಾಡಿದ ಅಂಚು ಮುಕ್ಕಾದ ಅಳತೆಗಾಜಿನಲ್ಲಿ ಅಳೆದು ಬರುತ್ತಾರೆ.

ನಳಿಗೆ ತೆಗೆದು ನೋಡುವ ಪರೀಕ್ಷೆ ಒಂದು ಸಲ ಆಗಿದೆ. ತಾನಾಗಿ ಹೋದದ್ದು ನಾಲ್ಕು ತಾಸಿನಲ್ಲಿ ನಲವತ್ತು ಮಿಲಿಲೀಟರ್ ಮಾತ್ರ. ಮತ್ತೆ ನಳಿಗೆ ಹಾಕಿದರು. ಬರುವ ಸೋಮವಾರ ಎರಡನೆಯದು. ಅದೂ ಆಗದಿದ್ದರೆ ನಳಿಗೆ ಬದುಕಿಡೀ ಬೇಕಾದೀತೆಂದು ವೈದ್ಯರು ಹೇಳಿದ್ದಾರೆ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಪಾಠ ಮಾಡುವ ಶಾಂಭವಿ ಮೇಡಂ ಕಪ್ಪು ಸೀಸೆಯಿಂದ ಔಷಧಿ ಹನಿಸುತ್ತಾರೆ. ಗೆರೆ ಕುಗ್ಗಿ, ಕುಗ್ಗಿ, ನೆಲಕಚ್ಚುತ್ತದೆ. ಗೋಡೆಗೆ ಒರಗಿದ್ದ ಹುಲಗಪ್ಪ ಮುಂದೆ ಬಂದು ವಿದ್ಯಾರ್ಥಿಗಳತ್ತ ತಿರುಗುತ್ತಾರೆ. ಇಷ್ಟು ವರ್ಷಗಳಲ್ಲಿ ಅವರು ಇಲ್ಲಿ ಮಾತಾಡಿದ್ದಿಲ್ಲ ಎನ್ನುತ್ತಾರೆ ಮೇಡಂ.

"ನಿಮ್ಮ ಮನ್ಯಾಗ ಯಾರರ ಈ ಗುಳಿಗಿ ನುಂಗೋರಿದ್ರ, ಉಚ್ಚಿ ಸಾಫ್ ಹೋಗ್ತದನು ಅಂತ ಕೇಳ್ರಿ. ಗುಳಿಗಿ ಬಿಡಸಬ್ಯಾಡ್ರಿ, ಬಿಪಿ ಏರ್ತದ. ಡಾಕ್ಟ್ರಿಗೆ ಹೇಳ್ರಿ. ನಾಚಬ್ಯಾಡ್ರಿ."

ಯಾರೋ ಕಿಸಕ್ಕನೆ ನಗುತ್ತಾರೆ. ಹುಲಗಪ್ಪ ಕೊಳವೆಯ ಔಷಧಿ ಬೆರೆತ ನೀರು ಚೆಲ್ಲಿ ಹೊಸದು ತುಂಬುತ್ತಾರೆ. ಮತ್ತೆ ಚೆಲ್ಲಿ ಮತ್ತೆ ತುಂಬುತ್ತಾರೆ. ಅರ್ಧ ತಾಸು ಕಳೆದ ಮೇಲೆ ಮಸಿಯ ಮೇಲೆ ಗೆರೆ ಬೆರಳಗಲ ಏಳುತ್ತದೆ.

"ತೊಳದ್ರ ಏಳ್ತದರಿ, ಆಡಿಂದು" ಎನ್ನುತ್ತಾರೆ, ಕಾಗದದಿಂದ ಕಣ್ಣು ತೆಗೆಯದೆ. "ಮನ್ಯಾಗಿಂದು ಸೋಮವಾರ ಗೊತ್ತಾಗ್ತದ."