ಗೇಟಿನ ಮೇಲೆ ಮದರಂಗಿ

ಮದುಮಗಳ ಕೈಯ ಮದರಂಗಿಯಲ್ಲಿ ಮದುಮಗನ ಹೆಸರಿನ ಮೊದಲ ಅಕ್ಷರ ಎಲ್ಲೋ ಅಡಗಿರುತ್ತದೆ. ಬಳ್ಳಿಯ ಸುರುಳಿಯಲ್ಲೋ ಎಲೆಯ ಮರೆಯಲ್ಲೋ ಇರುವ ಅದನ್ನು ಹುಡುಕಿ ಮದುಮಗಳನ್ನು ಕಾಡುವುದು ಆ ಸಂಜೆಯ ಆಟ. ಆದರೆ ಸಂಪಾಜೆಯ ಒಂದು ಮನೆಯಲ್ಲಿ ಆಟ ಬೇರೆ ಕಡೆಗೆ ತಿರುಗಿತು. ಮದುಮಗಳು ಶಮೀನಾಳ ಗೆಳತಿಯರ ಕಣ್ಣು, ಮದರಂಗಿ ಹಾಕಲು ಬಂದಿದ್ದ ಫಸೀಲಾಳ ಎಡ ಅಂಗೈಯ ಮೇಲೆ ಬಿತ್ತು.

"ಫಸೀಲಕ್ಕ, ಈ ಟಿಆರ್ ಯಾರು?"

ಫಸೀಲಾ ಕೈ ಮಡಚಿಕೊಂಡಳು. ಕೇಳಿದ ಹುಡುಗಿ ಬಿಡಲಿಲ್ಲ, ಬೆರಳು ಬಿಡಿಸಿ ನೋಡಿದಳು. "ನಿಮ್ಮ ಗಂಡನ ಹೆಸರು ಮುಸ್ತಫಾ ಅಲ್ವಾ? ಇಲ್ಲಿ ಎಂಐ ಕೂಡ ಉಂಟು. ಮತ್ತೆ ಒಂದು ಸಿ. ಎಷ್ಟು ಜನ ಮಾರಾಯ್ತಿ?"

"ಟಿಆರ್ ಅಂದ್ರೆ ಕತ್ತರಿಸುದು," ಎಂದಳು ಫಸೀಲಾ ಮೆಲ್ಲಗೆ. "ಎಂಐ ಅಂದ್ರೆ ಕನ್ನಡಿ."

"ಕತ್ತರಿಸುದಾ? ಯಾರನ್ನು?"

ಕೋಣೆ ತುಂಬ ನಗು. ಶಮೀನಾ ನಕ್ಕ ಭರಕ್ಕೆ ಅವಳ ಮಣಿಕಟ್ಟಿನ ಮೇಲಿದ್ದ ಹಸಿ ಎಲೆಯೊಂದು ಅಳಿಸಿಹೋಯಿತು. ಫಸೀಲಾಳೂ ನಕ್ಕಳು, ಎಲೆಯನ್ನು ಮತ್ತೆ ಬರೆದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಕಂಪ್ಯೂಟರ್ ಕಲಿಯುತ್ತಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಆ ಅಕ್ಷರಗಳು ಕ್ಯಾಡ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರಿನ ಆಜ್ಞೆಗಳು. ಸುಳ್ಯದ ಬಸ್‌ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಸೆಂಟರಿನಲ್ಲಿ ಅವಳಿಗೆ ಪರದೆ ನೋಡುವುದು, ಮೌಸ್ ಹಿಡಿಯುವುದು, ಬರೆದುಕೊಳ್ಳುವುದು, ಮೂರೂ ಒಟ್ಟಿಗೆ ಆಗುತ್ತಿರಲಿಲ್ಲ. ಮನೆಗೆ ಬಂದವಳು ಮರೆಯುವ ಮೊದಲು ಕೈಗೆ ಸಿಕ್ಕಿದ ಮದರಂಗಿ ಕೋನಿನಿಂದ ಅಂಗೈಯ ಮೇಲೆ ಬರೆದುಬಿಟ್ಟಿದ್ದಳು. ಮದರಂಗಿ ಚೆನ್ನಾಗಿ ಹತ್ತಿತ್ತು. ಅವಳ ಮದರಂಗಿ ಯಾವಾಗಲೂ ಚೆನ್ನಾಗಿಯೇ ಹತ್ತುತ್ತದೆ.

ಫಸೀಲಾ ಹುಟ್ಟಿದ್ದು ಆಲಂಕಾರಿನಲ್ಲಿ, ಮದುವೆಯಾಗಿ ಬಂದದ್ದು ಅರಂತೋಡಿಗೆ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ಕೋನು ಮಾಡಿ, ಅದಕ್ಕೆ ಮೈದಾ ಕಲಸಿ ತುಂಬಿ, ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಬಳ್ಳಿ ಬಿಡಿಸಿ ಮದರಂಗಿ ಕಲಿತವಳು. ಈಗ ಸುಳ್ಯ, ಕಡಬ, ಪುತ್ತೂರು ಎಂದು ಎಲ್ಲಿ ಮದುವೆ ಇದ್ದರೂ ಅವಳಿಗೆ ಕರೆ ಬರುತ್ತದೆ. ಗಂಡ ಮುಸ್ತಫಾ ಗೂಡ್ಸ್ ರಿಕ್ಷಾ ಓಡಿಸುತ್ತಾನೆ. ಮನೆಯಲ್ಲಿ ಅತ್ತೆ ನಫೀಸಮ್ಮ ಇದ್ದಾರೆ. ಕೊರತೆ ಎಂದು ಹೇಳುವಂಥದ್ದು ಏನೂ ಇರಲಿಲ್ಲ. ಆದರೆ ಒಂದು ಸಣ್ಣ ಬೇಸರ ಒಳಗೆ ಇತ್ತು. ಬೆನ್ನು ನೋಯುವಷ್ಟು ಹೊತ್ತು ಕುಳಿತು ಬಿಡಿಸಿದ ಚಿತ್ತಾರ ಪಾತ್ರೆ ತೊಳೆಯುತ್ತ, ಬಟ್ಟೆ ಒಗೆಯುತ್ತ ಹತ್ತು ಹನ್ನೆರಡು ದಿನದಲ್ಲಿ ಇಲ್ಲವಾಗುತ್ತದೆ. ಫೋನಿನಲ್ಲಿ ಫೋಟೋ ಉಳಿಯುತ್ತದೆ, ಆದರೆ ಫೋಟೋದಲ್ಲಿ ಬಳ್ಳಿಗಿಂತ ಬಳೆಯೇ ಹೆಚ್ಚು ಕಾಣುತ್ತದೆ. ತನ್ನದೊಂದು ಬಳ್ಳಿ ಎಲ್ಲಾದರೂ ಉಳಿಯಬೇಕು ಎಂದು ಅವಳಿಗೆ ಆಸೆ.

ಆ ಆಸೆಗೆ ದಾರಿ ತೋರಿಸಿದವರು ದೇವಕಿ. ಅವರು ಮತ್ತು ಗಂಡ ಪರಮೇಶ್ವರ ಅರಂತೋಡಿನ ಮುಖ್ಯರಸ್ತೆಯ ಬದಿಯಲ್ಲೇ ಹೊಸ ಮನೆ ಕಟ್ಟಿಸುತ್ತಿದ್ದರು. ಅವರ ಮಗಳ ಮದುವೆಗೆ ಮದರಂಗಿ ಹಾಕಿದ್ದು ಫಸೀಲಾಳೇ. ಒಂದು ದಿನ ದಾರಿಯಲ್ಲಿ ಸಿಕ್ಕಿದಾಗ ದೇವಕಿ ಹೇಳಿದರು, "ಗೇಟಿಗೆ ಎಲ್ಲರೂ ಎರಡು ನವಿಲು ಹಾಕಿಸ್ತಾರೆ ಫಸೀಲಾ. ನಂಗೆ ನವಿಲು ನೋಡಿ ನೋಡಿ ಸಾಕಾಯ್ತು. ಮಗಳ ಕೈಗೆ ಹಾಕಿದ ಬಳ್ಳಿ ಉಂಟಲ್ಲ, ಅದೇ ಬೇಕು."

ಗೇಟಿನ ತಗಡು ಕತ್ತರಿಸುವುದು ಸುಳ್ಯದ ಜಯಪ್ರಕಾಶ್ ಅವರ ವರ್ಕ್‌ಶಾಪಿನಲ್ಲಿ. ಫಸೀಲಾ ಒಂದು ದೊಡ್ಡ ಹಾಳೆಯಲ್ಲಿ ಬಳ್ಳಿ, ಹೂ ಎಲ್ಲ ಬಿಡಿಸಿ ತೆಗೆದುಕೊಂಡು ಹೋದಳು. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಚಂದ ಉಂಟು. ಆದ್ರೆ ನನ್ನ ಮಿಷನ್ನಿಗೆ ಕಾಗದ ಓದ್ಲಿಕ್ಕೆ ಬರುದಿಲ್ಲ ತಂಗಿ. ಕ್ಯಾಡಿನಲ್ಲಿ ಬಿಡಿಸಿದ ಫೈಲ್ ಬೇಕು."

"ಇದರ ಫೋಟೋ ತೆಗ್ದು ಹಾಕ್ಲಿಕ್ಕೆ ಆಗುದಿಲ್ವಾ ಜಯಣ್ಣ?"

"ಹಾಕ್ಬಹುದು. ಗೆರೆ ಎಲ್ಲ ಗರಗಸದ ಹಲ್ಲಿನ ಹಾಗೆ ಬರ್ತದೆ. ಅಷ್ಟು ಚಂದ ಬಿಡಿಸಿ ಹಾಗೆ ಯಾಕೆ ಹಾಳು ಮಾಡುದು?" ಅವರು ಹಾಳೆ ಮಡಚಿ ವಾಪಸು ಕೊಟ್ಟರು. "ಗೃಹಪ್ರವೇಶಕ್ಕೆ ಇನ್ನೂ ಸಮಯ ಉಂಟು. ಮುಂದಿನ ತಿಂಗಳ ಮೊದಲ ಬುಧವಾರದ ಒಳಗೆ ಫೈಲ್ ತಂದ್ರೆ ನಿನ್ನ ಬಳ್ಳಿ. ಇಲ್ಲದಿದ್ರೆ ನವಿಲು."

ಹಾಗೆ ಅವಳು ಕಂಪ್ಯೂಟರ್ ಸೆಂಟರಿಗೆ ಸೇರಿದಳು. ಮದರಂಗಿಗೆ ಮೈಲಾಂಜಿ ಎನ್ನುವ ನಫೀಸಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದರು, "ಕಂಪ್ಯೂಟರಿಗೆ ಮೈಲಾಂಜಿ ಹಾಕ್ಲಿಕ್ಕೆ ಹೋಗುದಾ ನೀನು? ಅದಕ್ಕೆ ಯಾವಾಗ ಮದುವೆ?"

ಕಲಿಸುವವಳು ಸಮನ್ವಿತಾ, ಡಿಪ್ಲೊಮಾ ಮುಗಿಸಿ ಬಂದ ಹುಡುಗಿ. ಫಸೀಲಾಳಿಗಿಂತ ಎಷ್ಟೋ ಚಿಕ್ಕವಳು. ಮೊದಲ ದಿನವೇ ಅವಳು ಹೇಳಿದಳು, "ನೋಡಿ ಫಸೀಲಕ್ಕ, ಇದು ನಿಮ್ಮನ್ನು ಕೇಳ್ತಾ ಹೋಗ್ತದೆ, ನೀವು ಉತ್ತರ ಕೊಡ್ತಾ ಹೋಗುದು. ಅಷ್ಟೇ." ಎಲ್ ಒತ್ತಿ ಎಂಟರ್ ಹೊಡೆದರೆ ಗೆರೆ. ಮೊದಲ ಬಿಂದು ಎಲ್ಲಿ ಎಂದು ಪರದೆಯ ಕೆಳಗೆ ಒಂದು ಸಾಲು ಕೇಳಿತು. ಫಸೀಲಾ "ಇಲ್ಲಿ" ಎಂದು ಬಾಯಿಬಿಟ್ಟು ಹೇಳಿಯೇ ಒತ್ತಿದಳು. ಪಕ್ಕದ ಕುರ್ಚಿಯ ಹುಡುಗರು ತಿರುಗಿ ನೋಡಿದರು. ಮುಂದಿನ ಬಿಂದು ಎಲ್ಲಿ ಎಂದು ಕೇಳಿತು. "ಅಲ್ಲಿ." ಕಪ್ಪು ಪರದೆಯ ಮೇಲೆ ಬಿಳಿ ಗೆರೆಯೊಂದು ಇಲ್ಲಿಂದ ಅಲ್ಲಿಗೆ ನೆಟ್ಟಗೆ ಹೋಯಿತು. ಅಷ್ಟು ನೆಟ್ಟಗಿನ ಗೆರೆಯನ್ನು ಅವಳು ಜೀವಮಾನದಲ್ಲಿ ಎಳೆದಿರಲಿಲ್ಲ.

ತಪ್ಪುಗಳಿಗೆ ಲೆಕ್ಕ ಇರಲಿಲ್ಲ. ಸಿ ಎಂದರೆ ವೃತ್ತ ಎಂದು ಕಲಿತವಳು, ಮೂರು ಗೆರೆ ಎಳೆದು ಅದನ್ನು ಮುಗಿಸದೆ ಸಿ ಒತ್ತಿದಳು. ವೃತ್ತ ಬರಲಿಲ್ಲ. ಕೊನೆಯ ಗೆರೆಯ ತುದಿಯಿಂದ ಇನ್ನೊಂದು ಗೆರೆ ಓಡಿ ಶುರುವಿನ ಜಾಗಕ್ಕೆ ಅಂಟಿಕೊಂಡಿತು.

"ಗೆರೆ ಎಳೆಯುವಾಗ ಸಿ ಅಂದ್ರೆ ಮುಚ್ಚು ಅಂತ ಅರ್ಥ," ಎಂದಳು ಸಮನ್ವಿತಾ. "ಮೊದಲು ಗೆರೆಯಿಂದ ಹೊರಗೆ ಬನ್ನಿ, ಮತ್ತೆ ವೃತ್ತ."

"ಒಂದೇ ಅಕ್ಷರಕ್ಕೆ ಎರಡು ಅರ್ಥವಾ?"

"ಹೌದು. ಎಲ್ಲಿಯಾದ್ರೂ ಸಿಕ್ಕಿಬಿದ್ರೆ ಎಸ್ಕೇಪ್ ಒತ್ತಿ. ಎಲ್ಲ ಬಿಟ್ಟು ಸುಮ್ಮನಾಗ್ತದೆ."

ಅಂಥದ್ದೊಂದು ಬಟನ್ ಮನೆಯಲ್ಲಿದ್ದರೆ ಎಂದು ಫಸೀಲಾಳಿಗೆ ನಫೀಸಮ್ಮನ ನೆನಪಾಯಿತು. ಬಂದ ನಗುವನ್ನು ಅವಳು ಶಾಲಿನ ತುದಿಯಲ್ಲಿ ಮುಚ್ಚಿಕೊಂಡಳು.

ಎಂಐ ಅವಳಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಅರ್ಧ ಬಿಡಿಸಿ ನಡುವೆ ಗೆರೆ ತೋರಿಸಿದರೆ ಉಳಿದರ್ಧ ಕನ್ನಡಿಯಲ್ಲಿ ಕಂಡ ಹಾಗೆ ತಾನಾಗಿ ಬರುತ್ತದೆ. ಎರಡೂ ಕೈಗೆ ಒಂದೇ ಚಿತ್ತಾರ ಬರಲಿ ಎಂದು ಅವಳು ಇಷ್ಟು ವರ್ಷ ಪಟ್ಟ ಪಾಡು ಅವಳಿಗೇ ಗೊತ್ತು. ಕೊನೆಗೆ ಕಂಪ್ಯೂಟರ್ ಕೇಳುತ್ತದೆ, ಹಳೆಯದನ್ನು ಅಳಿಸಲೇ ಎಂದು. ಫಸೀಲಾ ಮರ್ಯಾದೆಯಿಂದ ಹೌದು ಎಂದಳು. ಇಡೀ ಮಧ್ಯಾಹ್ನ ಕುಳಿತು ಬಿಡಿಸಿದ ಅರ್ಧ ಬಳ್ಳಿ ಮಾಯವಾಯಿತು, ಎದುರಿನ ಅರ್ಧ ಮಾತ್ರ ಉಳಿಯಿತು.

"ಅದು ಕೇಳಿತಲ್ಲ ಮೇಡಂ, ಅದಕ್ಕೆ ಹೌದು ಅಂದೆ."

"ಕೇಳಿದ್ದಕ್ಕೆಲ್ಲ ಹೌದು ಅನ್ಲಿಕ್ಕೆ ಇದು ನಿಮ್ಮ ಗಂಡನ ಮನೆಯಾ?" ಎಂದು ಸಮನ್ವಿತಾ ನಗುತ್ತ ಹಿಂದಕ್ಕೆ ತರುವ ಬಟನ್ ತೋರಿಸಿದಳು. ಬಳ್ಳಿ ಮರಳಿ ಬಂತು. ಒಂದು ದಿನ ಅವಳ ಪಾಡು ನೋಡಲಾರದೆ ಸಮನ್ವಿತಾ, "ನಾನೇ ಬಿಡಿಸಿ ಕೊಡ್ಲಾ? ನಂಗೆ ಒಂದು ದಿನದ ಕೆಲಸ," ಎಂದೂ ಕೇಳಿದಳು. ಫಸೀಲಾ ತಲೆಯಾಡಿಸಿದಳು. "ಬೇಡ ಮೇಡಂ. ತಪ್ಪಿದ್ರೆ ಬೈಯಿರಿ. ಬಿಡಿಸುದು ನಾನೇ."

ಆ ಬುಧವಾರ ಬರುವುದಕ್ಕೆ ವಾರ ಇರುವಾಗ ಚಿತ್ತಾರ ಮುಗಿಯಿತು. ನಡುವೆ ಎಂಟು ದಳದ ದೊಡ್ಡ ಹೂ, ಸುತ್ತ ಬಳ್ಳಿ, ಬಳ್ಳಿಗೆ ಮಾವಿನಕಾಯಿಯ ಆಕಾರದ ಎಲೆಗಳು. ಪೆನ್‌ಡ್ರೈವ್ ಅನ್ನು ಕರವಸ್ತ್ರದಲ್ಲಿ ಸುತ್ತಿ ಅವಳು ವರ್ಕ್‌ಶಾಪಿಗೆ ಹೋದಳು. ಜಯಪ್ರಕಾಶ್ ಮೊದಲು ಒಂದು ಹಳೆಯ ತೆಳು ತಗಡಿನ ಮೇಲೆ ಹೂವನ್ನು ಮಾತ್ರ ಸಣ್ಣದಾಗಿ ಕತ್ತರಿಸಿ ನೋಡೋಣ ಎಂದರು. ಮಿಷನ್ನಿನ ಮೂತಿ ಕಿಡಿ ಕಾರುತ್ತ ಅವಳ ಗೆರೆಯ ಮೇಲೆಯೇ ಹೋಯಿತು. ಕೈ ಎಲ್ಲಿ ತಿರುಗಿತ್ತೋ ಅಲ್ಲೇ ಅದೂ ತಿರುಗಿತು.

ಜಯಪ್ರಕಾಶ್ ತಗಡನ್ನು ಎತ್ತಿದರು. ಟಣ್ ಎಂದು ಒಂದು ದಳ ಕೆಳಗೆ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೊಂದು. ಕೊನೆಗೆ ನಡುವಿನ ಮೊಗ್ಗೂ ಉರುಳಿಕೊಂಡು ಬೆಂಚಿನ ಅಡಿಗೆ ಹೋಯಿತು. ಅವರ ಕೈಯಲ್ಲಿ ದೊಡ್ಡ ತೂತಿದ್ದ ಒಂದು ತಗಡು ಉಳಿಯಿತು.

"ಹೂ ಉದುರಿತು ಮಾರಾಯ್ತಿ," ಎಂದರು ಅವರು. "ಇನ್ನು ಕಾಯಿ ಬಿಡ್ಬಹುದು."

ಫಸೀಲಾಳ ಕಣ್ಣು ತುಂಬಿತು. ಆದರೆ ಅವರು ಹೇಳಿದ ರೀತಿಗೆ ನಗುವೂ ಬಂತು. ಯಾವುದು ಮೊದಲು ಎಂದು ಅವಳಿಗೇ ತಿಳಿಯಲಿಲ್ಲ.

ತಪ್ಪು ಎಲ್ಲಿ ಎಂದು ಅವಳಿಗೆ ಕೂಡಲೇ ಹೊಳೆಯಿತು. ಮದರಂಗಿಯಲ್ಲಿ ಹೂ ಎದ್ದು ಕಾಣಬೇಕಾದರೆ ಸುತ್ತ ಖಾಲಿ ಬಿಡಬೇಕು. ಕೈಯ ಚರ್ಮ ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ತಗಡಿನಲ್ಲಿ ಖಾಲಿ ಎಂದರೆ ಗಾಳಿ. ಗಾಳಿಯ ನಡುವೆ ಹೂ ನಿಲ್ಲುವುದು ಹೇಗೆ?

"ಒಂದು ಇರುವೆಯನ್ನು ಹೂವಿನ ಮೇಲೆ ಬಿಟ್ಟೆ ಅಂತ ಇಟ್ಕೋ," ಎಂದರು ಜಯಪ್ರಕಾಶ್. "ಅದು ಹಾರದೆ, ತೂತಿಗೆ ಬೀಳದೆ, ತಗಡಿನ ಮೇಲೆಯೇ ನಡ್ಕೊಂಡು ಅಂಚಿಗೆ ಬಂದು ಮುಟ್ಬೇಕು. ಎಲ್ಲಿ ಬಿಟ್ರೂ ಮುಟ್ಬೇಕು. ಹಾಗೆ ಮಾಡಿ ತಾ. ಬುಧವಾರ ನೆನಪುಂಟಲ್ಲ?"

ಸೆಂಟರಿನಲ್ಲಿ ಚಿತ್ತಾರವನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆಸಿ, ತೂತಾಗುವ ಜಾಗಕ್ಕೆಲ್ಲ ಪೆನ್ಸಿಲಿನಿಂದ ಕಪ್ಪು ಬಳಿದು ಅವಳು ಮನೆಯ ಚಾವಡಿಯಲ್ಲಿ ಹರಡಿದಳು. ನಫೀಸಮ್ಮ ಬಂದು ಕುಳಿತರು. ಇರುವೆಯ ಕತೆ ಕೇಳಿ ಅವರಿಗೆ ಉತ್ಸಾಹ ಹತ್ತಿತು. ಒಂದು ಹುಣಸೆ ಬೀಜ ತಂದು ಹೂವಿನ ನಡುವೆ ಇಟ್ಟರು.

"ಇದು ಇರುವೆ. ಎಲ್ಲಿಗೆ ಹೋಗ್ಬೇಕು ಇದು?"

"ಅಂಚಿಗೆ, ಉಮ್ಮ. ಕಪ್ಪು ತುಳಿಯದೆ."

ನಫೀಸಮ್ಮ ಬೆರಳಿನಿಂದ ಬೀಜ ತಳ್ಳಿದರು. "ಇಲ್ಲಿ ಕಪ್ಪು. ಇಲ್ಲೂ ಕಪ್ಪು. ಸುತ್ತ ಹೊಂಡ ತೋಡಿ ನಡುವೆ ಕೂರಿಸಿದ್ದೀಯಲ್ಲ ಮೋಳೆ, ಪಾಪ ಇದು ಊಟಕ್ಕೆ ಎಲ್ಲಿಗೆ ಹೋಗುದು?" ಮೋಳೆ ಎಂದರೆ ಮಗಳು; ಸೊಸೆಯನ್ನು ಅವರು ಕರೆಯುವುದೇ ಹಾಗೆ. ಬೀಜವನ್ನು ಒಂದು ಎಲೆಯ ಮೇಲೆ ಇಟ್ಟರು. "ಇದೂ ಸಿಕ್ಕಿಬಿತ್ತು." ಸಂಜೆಯವರೆಗೆ ಅತ್ತೆ ಸೊಸೆ ಬೀಜ ನಡೆಸಿದರು. ಸಿಕ್ಕಿಬಿದ್ದಲ್ಲೆಲ್ಲ ಫಸೀಲಾ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದಳು. ಮುಸ್ತಫಾ ಮನೆಗೆ ಬಂದಾಗ ಚಹಾ ಆಗಿರಲಿಲ್ಲ. ಅವನು ಕೇಳಿದ್ದಕ್ಕೆ ನಫೀಸಮ್ಮ ತಲೆ ಎತ್ತದೆ ಹೇಳಿದರು, "ನೀನೇ ಮಾಡ್ಕೋ. ಇಲ್ಲಿ ಇರುವೆ ನಡು ದಾರಿಯಲ್ಲಿ ಉಂಟು."

ಮರುದಿನ ಅವಳು ಸೆಂಟರಿನಲ್ಲಿ ಒಂದೇ ಒಂದು ದಳವನ್ನು ಇಟ್ಟುಕೊಂಡು ಉಳಿದವನ್ನು ಅಳಿಸಿದಳು. ಆ ದಳದ ತುದಿಯಿಂದ ಬಳ್ಳಿಯವರೆಗೆ ಒಂದು ಸಣ್ಣ ತೊಟ್ಟು ಎಳೆದಳು. ಓ ಒತ್ತಿ ಅದರ ಪಕ್ಕದಲ್ಲೇ ಜೊತೆಗೆರೆ ತರಿಸಿದಳು. ತೊಟ್ಟು ಹಾದುಹೋದಲ್ಲಿ ಅಡ್ಡ ಬಂದ ಗೆರೆಗಳನ್ನು ಟಿಆರ್ ಒತ್ತಿ ಕತ್ತರಿಸಿದಳು. ದಳಕ್ಕೂ ಬಳ್ಳಿಗೂ ದಾರಿ ಆಯಿತು. ಬುಡದಲ್ಲಿಯೂ ಹಾಗೆಯೇ ಮಾಡಿ ಮೊಗ್ಗಿಗೆ ಸೇರಿಸಿದಳು. ಆಮೇಲೆ ಸಮನ್ವಿತಾ ಹೊಸದೊಂದು ಆಜ್ಞೆ ಹೇಳಿಕೊಟ್ಟಳು: ನಡುವಿನ ಬಿಂದು ತೋರಿಸಿ, ಎಷ್ಟು ಬೇಕು ಎಂದು ಹೇಳಿದರೆ ಸುತ್ತ ಅಷ್ಟೂ ಬಂದು ಕೂರುತ್ತವೆ. ಫಸೀಲಾ ಎಂಟು ಎಂದು ಒತ್ತಿದಳು. ಎಂಟು ದಳ ಒಮ್ಮೆಲೇ ಅರಳಿದವು, ಪ್ರತಿಯೊಂದಕ್ಕೂ ತೊಟ್ಟು ಸಮೇತ.

"ಅಯ್ಯೋ ಮೇಡಂ," ಎಂದಳು. ಹಿಂದಕ್ಕೆ ತಂದು ಇನ್ನೊಮ್ಮೆ ಒತ್ತಿದಳು, ಅರಳುವುದನ್ನು ನೋಡಲಿಕ್ಕೆ. ಪಕ್ಕದ ಕುರ್ಚಿಯ ಹುಡುಗರೂ ಎದ್ದು ಬಂದು ನೋಡಿದರು. ತೊಟ್ಟು ಸೇರಿದ ಮೇಲೆ ಹೂ ಮೊದಲಿಗಿಂತ ಚೆಂದ ಕಾಣುತ್ತಿತ್ತು.

ಎಲೆಗಳಿಗೂ ಹೀಗೆ ತೊಟ್ಟು ಕೂಡಿಸಲು ಉಳಿದ ದಿನಗಳು ಬೇಕಾದವು. ಮಂಗಳವಾರ ಸಂಜೆ ನಫೀಸಮ್ಮ ಹೊಸ ಪ್ರಿಂಟಿನ ಮೇಲೆ ಬೀಜವನ್ನು ಮೂಲೆ ಮೂಲೆಯಿಂದ ನಡೆಸಿ, ಒಂದೂ ಸಿಕ್ಕಿಬೀಳಲಿಲ್ಲ ಎಂದು ಒಪ್ಪಿಗೆ ಕೊಟ್ಟರು. ಬುಧವಾರ ತಾನೂ ಬರುತ್ತೇನೆ ಎಂದು ಹಠ ಹಿಡಿದು ಗೂಡ್ಸ್ ರಿಕ್ಷಾದಲ್ಲಿ ಮುಸ್ತಫಾನ ಪಕ್ಕ ಕುಳಿತರು. ಫಸೀಲಾ ಬಸ್ಸಿನಲ್ಲಿ ಹೋದಳು.

ಈ ಸಲ ಗೇಟಿನ ದಪ್ಪ ತಗಡೇ, ಎರಡು ಬಾಗಿಲಿಗೆ ಎರಡೇ. ಕೆಟ್ಟರೆ ಬೇರೆ ಇಲ್ಲ, ದಿನವೂ ಇಲ್ಲ. ಮಿಷನ್ ಬಹಳ ಹೊತ್ತು ಓಡಿತು. ನಿಂತ ಮೇಲೆ ಮುಸ್ತಫಾ ಒಂದು ಕಡೆ, ಜಯಪ್ರಕಾಶ್ ಒಂದು ಕಡೆ ಹಿಡಿದು ತಗಡನ್ನು ಎತ್ತಿ ನಿಲ್ಲಿಸಿದರು. ಟಣ ಟಣ ಎಂದು ಏನೇನೋ ಬಿದ್ದವು. ಫಸೀಲಾ ಕಣ್ಣು ಮುಚ್ಚಿದಳು.

"ಕಣ್ಣು ಬಿಡು ಮೋಳೆ," ಎಂದರು ನಫೀಸಮ್ಮ. "ಬಿದ್ದದ್ದು ಕಪ್ಪು ಬಳಿದದ್ದು."

ಹೂ ಅಲ್ಲೇ ಇತ್ತು. ಬಳ್ಳಿ, ಎಲೆ ಎಲ್ಲ ಇದ್ದವು. ಅವುಗಳ ನಡುವಿನಿಂದ ಆಚೆಯ ರಸ್ತೆ ಕಾಣುತ್ತಿತ್ತು. ಜಯಪ್ರಕಾಶ್ ತಗಡನ್ನು ಜೋರಾಗಿ ಒಮ್ಮೆ ಅಲ್ಲಾಡಿಸಿ ನೋಡಿದರು, ಏನೂ ಬೀಳಲಿಲ್ಲ. "ಇದರ ಜೋಡಿ ಬಾಗಿಲಿಗೆ ಎಂಐ ಒತ್ತಿದ್ದೀಯಲ್ಲ? ಹಳೆಯದನ್ನು ಅಳಿಸ್ಲಿಲ್ವಲ್ಲ?"

"ಇಲ್ಲ ಜಯಣ್ಣ. ಬೇಡ ಅಂದಿದ್ದೇನೆ," ಎಂದಳು ಫಸೀಲಾ.

ಗೃಹಪ್ರವೇಶ ಕಳೆದು ಕೆಲವು ದಿನಗಳ ಮೇಲೆ ಅವಳು ಸುಳ್ಯದ ಕಡೆ ಒಂದು ಮದುವೆ ಮನೆಗೆ ಹೊರಟಿದ್ದಳು. ಯಾರನ್ನೋ ಇಳಿಸಲು ಬಸ್ಸು ದೇವಕಿಯವರ ಮನೆಯ ಎದುರೇ ನಿಂತಿತು. ಗೇಟು ಮುಚ್ಚಿತ್ತು. ಎರಡು ಬಾಗಿಲಿನ ಬಳ್ಳಿಗಳೂ ನಡುವೆ ಬಂದು ಕೂಡಿದ್ದವು. ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಹೆಂಗಸು ಕಿಟಕಿಯ ಕಡೆ ಬಗ್ಗಿದಳು.

"ಆ ಗೇಟು ನೋಡಿ, ಮದರಂಗಿ ಹಾಕಿದ ಹಾಗೆ ಉಂಟಲ್ವಾ? ಯಾರ ಮನೆ ಅದು?"

ಫಸೀಲಾ ಯಾವಾಗಲೂ ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡುವವಳಲ್ಲ. ಶಾಲು ಸರಿಮಾಡಿಕೊಂಡಳು. ಒಂದು ಸಲ ಗಂಟಲು ಸರಿಮಾಡಿಕೊಂಡಳು.

"ಮನೆ ದೇವಕಿಯಕ್ಕನದ್ದು," ಎಂದಳು. "ಗೇಟು ನಂದು."